ಕೆಂಪಿಗೆ ಸರಿದ ಹಳದಿ

ಕಳೆದ ತಿಂಗಳು ಸಂಬಂಧಿಕರೊಬ್ಬರ ಮದುವೆಯ ಆರತಕ್ಷತೆಗೆಂದು ಮಾಲೂರಿಗೆ ಹೋಗಿದ್ದೆ. ಕೋಲಾರದಲ್ಲಿ ಬಸ್ಸು ತಡವಾಗಿ ಹೊರಟು, ಊರು ಮುಟ್ಟುವಾಗ ಹೊತ್ತು ಮುಳುಗಿತ್ತು. ಬಸ್‌ಸ್ಟ್ಯಾಂಡಿನಿಂದ ಛತ್ರದವರೆಗಿನ ದಾರಿಯ ಕಂಬಗಳಿಗೆಲ್ಲ ಈಗ ಎಲ್‌ಇಡಿ ದೀಪ, ಸುಣ್ಣದ ನೀರು ಚೆಲ್ಲಿದಂಥ ಬೆಳಕು. ರೈಲ್ವೆ ಸ್ಟೇಷನ್ ಕಡೆಗೆ ತಿರುಗುವಲ್ಲಿ ಒಂದು ಸಾಮಿಲ್ಲಿನ ಕಾಂಪೌಂಡಿನೊಳಗೆ ಮಾತ್ರ ಹಳೆಯ ಸೋಡಿಯಂ ದೀಪವೊಂದು ಉಳಿದುಕೊಂಡಿತ್ತು. ನಾನು ಹತ್ತಿರ ಬರುವ ಹೊತ್ತಿಗೇ ಯಾರೋ ಸ್ವಿಚ್ಚು ಹಾಕಿದರು. ಮೊದಲು ಮಂಕು ನೀಲಿ, ಸ್ವಲ್ಪ ಹೊತ್ತಿಗೆ ಅರಿಶಿನದಂಥ ಕಡು ಹಳದಿ, ಆಮೇಲೆ ನಿಧಾನವಾಗಿ ಬೆಳಕು ತುಂಬಿಕೊಂಡು ಹೊನ್ನಿನ ಬಣ್ಣ. ಛತ್ರದ ವಾಲಗ ಕೇಳಿಸುತ್ತಿದ್ದರೂ ನಾನು ಅಲ್ಲಿಯೇ ನಿಂತುಬಿಟ್ಟೆ. ಆ ಬಣ್ಣ ತಿರುಗುವುದನ್ನು ನೋಡುವುದೇ ಒಂದು ವರ್ಷ ನನ್ನ ಕೆಲಸವಾಗಿತ್ತು. ಆ ವರ್ಷ ನಾನೂ ನನ್ನ ಅಕ್ಕನೂ ಈ ಊರಿನಲ್ಲಿ ಒಂದೇ ಕೋಣೆಯಲ್ಲಿ ಇದ್ದೆವು.

ನಮ್ಮೂರು ಶ್ರೀನಿವಾಸಪುರದ ಹತ್ತಿರ. ಮನೆಯೊಳಗೆ ತೆಲುಗು, ಹೊಸಲು ದಾಟಿದರೆ ಕನ್ನಡ. ಅಪ್ಪ ಮಾವಿನ ಮಂಡಿಯಲ್ಲಿ ರೈಟರ್ ಆಗಿದ್ದರು. ಅಕ್ಕ ಪದ್ಮಾವತಿ ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಪಿಯುಸಿ ಮುಗಿಸಿದ್ದೇ ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೀದಿದೀಪ ಮಾಡುವ ಒಂದು ಕಾರ್ಖಾನೆಗೆ ಸೇರಿದ್ದಳು. ನಾನು ಕೋಲಾರದಲ್ಲಿ ಬಿ.ಎಸ್ಸಿ. ಓದಿದ್ದು ಅವಳ ಸಂಬಳದಲ್ಲಿ. ಓದು ಮುಗಿದ ವರ್ಷವೇ ಆ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಭೌತಶಾಸ್ತ್ರ ಓದಿದವರೊಬ್ಬರು ಬೇಕಾಗಿದ್ದಾರೆಂದು ತಿಳಿದು, ಅಕ್ಕನೇ ಹೋಗಿ ಮಾತಾಡಿ ನನ್ನನ್ನು ಕರೆಸಿಕೊಂಡಳು. ಆಷಾಢದ ಗಾಳಿಯಲ್ಲಿ ಒಂದು ಟ್ರಂಕು, ಒಂದು ಚಾಪೆ ಹಿಡಿದುಕೊಂಡು ಮಾಲೂರಿನಲ್ಲಿ ಇಳಿದೆ. ಆಗಲೇ ಎಲ್‌ಇಡಿ ದೀಪ ಬಂದು ಎಲ್ಲ ಕಡೆ ಹರಡುತ್ತಿತ್ತು. ಕಾರ್ಖಾನೆ ಹೆಚ್ಚು ದಿನ ನಡೆಯುವುದಿಲ್ಲ ಎಂಬುದು ಗೇಟಿನ ವಾಚ್‌ಮನ್‌ನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಯಾರೂ ಹೇಳುತ್ತಿರಲಿಲ್ಲ.

ನಮ್ಮ ಕೋಣೆ ಊರಾಚೆ, ಇಟ್ಟಿಗೆ ಗೂಡುಗಳಿಗೆ ಹೋಗುವ ರಸ್ತೆಯಲ್ಲಿತ್ತು. ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಮ್ಮಣ್ಣಿನ ಧೂಳು ಕೂರುತ್ತಿತ್ತು. ಗಾಳಿ ತಿರುಗಿದರೆ ಗೂಡಿನ ಹೊಗೆ ಒಳಗೇ ಬರುತ್ತಿತ್ತು. ಕಿಟಕಿಯ ಎದುರಿಗೆ ಒಂದು ಬೀದಿದೀಪ. ಅದು ನಮ್ಮ ಕಾರ್ಖಾನೆಯದೇ ದೀಪ ಎಂದು ಅಕ್ಕನಿಗೆ ಖಾತ್ರಿ. ನನಗೆ ಅಷ್ಟು ಖಾತ್ರಿ ಇರಲಿಲ್ಲ. ಅದರ ಬೆಳಕು ಒಳಗೆ ಬೀಳುತ್ತಿದ್ದುದರಿಂದ ಅಡುಗೆಯ ಹೊತ್ತು ಬಿಟ್ಟರೆ ನಾವು ಬಲ್ಬು ಹಾಕುತ್ತಲೇ ಇರಲಿಲ್ಲ. ಒಂದು ಸಂತೆಯ ಸಂಜೆ ಅಕ್ಕ ಅಂಥದೇ ದೀಪದ ಬೆಳಕಿನಲ್ಲಿ ಚೌಕಾಸಿ ಮಾಡಿ ಕಾಫಿಪುಡಿ ಬಣ್ಣದ ಒಂದು ಸೀರೆ ತಂದಳು. ಬೆಳಿಗ್ಗೆ ಎದ್ದು ಬಿಚ್ಚಿದರೆ ಕಣ್ಣು ಕುಕ್ಕುವ ಕುಂಕುಮದ ಕೆಂಪು. ಅವಳಿಗೆ ಆ ಬಣ್ಣ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಇಬ್ಬರೂ ನಕ್ಕು ನಕ್ಕು ಅವತ್ತು ಬಸ್ಸು ತಪ್ಪಿಸಿಕೊಂಡು, ಕಾರ್ಖಾನೆಗೆ ನಡೆದುಕೊಂಡೇ ಹೋದೆವು.

ಅಕ್ಕನ ಕೆಲಸ ನೋಡಿದವರು ಅದನ್ನು ಮರೆಯುವುದಿಲ್ಲ. ಗಾಜಿನ ಮುಖವಿರುವ ಒಂದು ಉಕ್ಕಿನ ಪೆಟ್ಟಿಗೆ, ಅದಕ್ಕೆ ಚೇಂಬರ್ ಎನ್ನುತ್ತಿದ್ದರು. ಅದರೊಳಗೆ ಗಾಳಿಯಿಲ್ಲ, ಬರೀ ಆರ್ಗಾನ್ ಅನಿಲ. ಪೆಟ್ಟಿಗೆಗೆ ಮೊಣಕೈವರೆಗಿನ ಎರಡು ರಬ್ಬರ್ ಕೈಗವಸುಗಳನ್ನು ಕೂರಿಸಿದ್ದರು. ಹೊರಗೆ ಕುಳಿತು, ಆ ಗ್ಲೌಸಿನೊಳಗೆ ಕೈ ತೂರಿಸಿ, ಒಳಗಿನ ಕೆಲಸ ಮಾಡಬೇಕು. ಸೋಡಿಯಂ ಗಾಳಿಯ ತೇವ ಕಂಡರೆ ಆಗದ ಲೋಹ. ಕ್ಷಣದಲ್ಲಿ ಕೆಟ್ಟು ಬೂದಿ ಬಣ್ಣಕ್ಕೆ ತಿರುಗುತ್ತದೆ. ಸೋಡಿಯಂ ಮತ್ತು ಪಾದರಸ ಬೆರೆಸಿದ ಸಾಸಿವೆಯಂಥ ಕಾಳುಗಳನ್ನು ಅಕ್ಕ ಚಿಮಟಿಯಲ್ಲಿ ಹಿಡಿದು ಪಿಂಗಾಣಿಯಂಥ ಸಣ್ಣ ಕೊಳವೆಗಳಿಗೆ ಹಾಕುತ್ತಿದ್ದಳು. ಆಮೇಲೆ ಅದಕ್ಕೆ ಸ್ವಲ್ಪ ಕ್ಸೆನಾನ್ ಅನಿಲ ತುಂಬಿ ಬಾಯಿ ಮುಚ್ಚುತ್ತಿದ್ದರು. ಎಷ್ಟೋ ವರ್ಷ ಅದೇ ಕೆಲಸ ಮಾಡಿದ್ದರೂ ಅವಳಿಗೆ ಬೇಸರ ಬಂದಿರಲಿಲ್ಲ. ಆ ಕಾಳು ಒಳಗೆ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಹೊರಗಿನವರು ಯಾರೂ ಅದನ್ನು ಹಾಗೆ ನೋಡಿರುವುದಿಲ್ಲ ಎಂದು ಹೇಳಿಕೊಳ್ಳುವುದು ಅವಳಿಗೆ ಇಷ್ಟ. ಊರಿನಿಂದ ಬರುತ್ತಿದ್ದ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆಪ ಹೇಳಿ ದೂರ ಮಾಡುತ್ತಿದ್ದುದೂ ಈ ಕೆಲಸ ಬಿಡಲಾರದೆಯೇ ಎಂದು ನನ್ನ ಅನುಮಾನ. ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. ಅಕ್ಕ ಪೋನೀವೇ, ಹೋಗಲಿ ಬಿಡು, ಎಂದು ಮಾತು ಮುಗಿಸುತ್ತಿದ್ದಳು.

ನನ್ನ ಪರೀಕ್ಷಾ ಕೊಠಡಿ ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿತ್ತು. ಗೋಡೆಗೆಲ್ಲ ಕಪ್ಪು ಬಣ್ಣ. ಅಲ್ಲಿನ ಮುಖ್ಯಸ್ಥರು ಶ್ರೀಕಂಠಯ್ಯ ಸರ್, ನಿವೃತ್ತಿಯ ಅಂಚಿನಲ್ಲಿದ್ದವರು, ಮೃದು ಮಾತಿನವರು. ತಯಾರಾದ ದೀಪ ಉರಿಸಿ, ಅದರ ಬೆಳಕನ್ನು, ಬಣ್ಣಗಳನ್ನು ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿಗೆ ಕೊಟ್ಟರೆ ಪರದೆಯ ಮೇಲೆ ಒಂದು ಚಿತ್ರ ಮೂಡುತ್ತಿತ್ತು. ನಾನು ಕಾಲೇಜಿನಲ್ಲಿ ನೋಡಿದ್ದ ಸೋಡಿಯಂ ಬೆಳಕೆಂದರೆ ಒಂದರ ಪಕ್ಕ ಒಂದು ಅಂಟಿಕೊಂಡ ಎರಡು ಹಳದಿ ಗೆರೆ, ಕೂದಲೆಳೆಯಷ್ಟು ತೆಳುವು. ಇಲ್ಲಿ ಗೆರೆಯೇ ಇಲ್ಲ. ಎರಡು ದಿಬ್ಬ, ನಡುವೆ ಒಂದು ಹಳ್ಳ. ಮೊದಲ ದಿನ ಉಪಕರಣ ಕೆಟ್ಟಿದೆ ಎಂದುಕೊಂಡೆ.

ಶ್ರೀಕಂಠಯ್ಯನವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಸೋಡಿಯಂ ಪರಮಾಣು ತಾನೊಂದೇ ಇದ್ದಾಗ ಮಾತ್ರ ಗೆರೆ ತೆಳುವಾಗಿರುತ್ತದೆ. ಈ ಕೊಳವೆಯೊಳಗೆ ಒತ್ತಡ ಹೆಚ್ಚು. ಸುತ್ತಲೂ ಪಾದರಸದ ಆವಿ, ಕ್ಸೆನಾನ್, ಬೇರೆ ಸೋಡಿಯಂ ಪರಮಾಣುಗಳು ಒತ್ತಿ ಒತ್ತಿ ಹಾಯುತ್ತಿರುತ್ತವೆ. ಆ ನೂಕುನುಗ್ಗಲಿನಲ್ಲಿ ಗೆರೆ ಅಗಲವಾಗುತ್ತದೆ, ತನ್ನ ಜಾಗ ಬಿಟ್ಟು ಸರಿಯುತ್ತದೆ. ಅಗಲವಾದದ್ದರಿಂದಲೇ ಈ ದೀಪದ ಕೆಳಗೆ ಅಷ್ಟೋ ಇಷ್ಟೋ ಬಣ್ಣ ಕಾಣುವುದು. ಇನ್ನು ಆ ಹಳ್ಳ. ಕೊಳವೆಯ ನಡುವಿನ ಸೋಡಿಯಂ ಬಿಸಿಯಾಗಿ ಬೆಳಗುತ್ತದೆ. ಗೋಡೆಯ ಹತ್ತಿರದ ಸೋಡಿಯಂ ಅಷ್ಟು ಬಿಸಿಯಿರುವುದಿಲ್ಲ, ಅದು ತನ್ನದೇ ಬಣ್ಣವನ್ನು ನುಂಗಿಬಿಡುತ್ತದೆ. ನುಂಗಿದ ಜಾಗ ಕತ್ತಲೆಯಾಗಿ ಹಳ್ಳದಂತೆ ಕಾಣುತ್ತದೆ. ಎಡಗಡೆಯ ದಿಬ್ಬ, ಅಂದರೆ ಹಸಿರಿನ ಕಡೆಯದು, ಒಳಗಿನ ಆವಿಯಲ್ಲಿ ಸೋಡಿಯಂ ಎಷ್ಟಿದೆಯೆಂದು ಹೇಳುತ್ತದೆ. ಬಲಗಡೆಯ ಕೆಂಪಿನ ಕಡೆಯ ದಿಬ್ಬವನ್ನು ಪಾದರಸವೂ ಎಳೆಯುತ್ತದೆ. ಎರಡೂ ದಿಬ್ಬ ಹಳ್ಳದಿಂದ ಎಷ್ಟು ದೂರವಿವೆ ಎಂದು ಅಳೆದರೆ, ಮುಚ್ಚಿದ ಕೊಳವೆಯನ್ನು ಒಡೆಯದೆಯೇ ಒಳಗಿನ ಸಮಾಚಾರ ತಿಳಿಯುತ್ತದೆ.

"ಪಕ್ಕದಲ್ಲಿ ಯಾರಿದ್ದಾರೆ ಅಂತ ಬೆಳಕೇ ಹೇಳುತ್ತಮ್ಮ," ಅಂದರು. "ನಾವು ಸುಮ್ನೆ ಓದ್ಕೋಬೇಕು ಅಷ್ಟೆ."

ಸಂಜೆ ಕೋಣೆಗೆ ಬಂದು ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ಬಿಟ್ಟು ಕೇಳಿದಳು. ಇಷ್ಟು ವರ್ಷ ಕಾಳು ಹಾಕಿದ್ದೇನೆ, ಆಮೇಲೆ ಅದು ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ ಎಂದಳು. ಅಂದಿನಿಂದ ದಿನವೂ ಇವತ್ತು ದಿಬ್ಬ ಎಲ್ಲಿತ್ತು ಎಂದು ಕೇಳುವುದು ಅವಳಿಗೆ ರೂಢಿಯಾಯಿತು. ನಾನು ಚಾಪೆಯ ಮೇಲೆ ಬೆರಳಿನಲ್ಲಿ ಬರೆದು ತೋರಿಸುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಆಸೆಯಿಂದ ನನ್ನ ಪಾಠ ಕೇಳಿದವರು ಇನ್ನೊಬ್ಬರಿಲ್ಲ. ಈಗ ಕೋಲಾರದ ಪಿಯು ಕಾಲೇಜಿನಲ್ಲಿ ಪಾಠ ಮಾಡುವಾಗ ಎಷ್ಟೋ ಸಲ ಹಿಂದಿನ ಬೆಂಚಿನ ಕಡೆ ನೋಡುತ್ತೇನೆ.

ಶ್ರಾವಣ, ಭಾದ್ರಪದ ಹೀಗೆಯೇ ಕಳೆದವು. ಕಾರ್ತಿಕದಲ್ಲಿ ಮದರಾಸಿನ ಕಡೆ ಚಂಡಮಾರುತವೆದ್ದು ನಮ್ಮ ಸೀಮೆಗೆ ಜಡಿಮಳೆ ಹಿಡಿಯಿತು. ಸೂರ್ಯನ ಮುಖವೇ ಕಾಣದಂತೆ ಸಣ್ಣಗೆ ಸುರಿಯುತ್ತಲೇ ಇತ್ತು. ಇಟ್ಟಿಗೆ ಗೂಡುಗಳು ತಣ್ಣಗಾದವು. ಮುಚ್ಚಿಟ್ಟ ಬೆಂಕಿಕಡ್ಡಿಯೂ ಹೊತ್ತದಷ್ಟು ತೇವ. ಆ ಮಳೆ ನಿಂತು ಸ್ವಲ್ಪ ದಿನಕ್ಕೆ ದೀಪಗಳು ಕೆಡತೊಡಗಿದವು. ಹೊಸದಾಗಿ ಉರಿಸಿದಾಗ ಸರಿಯಾಗಿಯೇ ಇರುತ್ತಿದ್ದವು. ದಿನಗಟ್ಟಲೆ ಉರಿಸಿಟ್ಟ ಮೇಲೆ ಬಣ್ಣ ಮಾಸಿ ಕೆಂಪಡರಿ, ತಾವಾಗಿಯೇ ಆರಿ, ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಂಡು, ಮತ್ತೆ ಆರುತ್ತಿದ್ದವು. ಕೊಂಡವರು ಲೋಡುಗಟ್ಟಲೆ ವಾಪಸು ಕಳಿಸಿದರು.

ತಪ್ಪು ಬಿದ್ದದ್ದು ಮುನಿಲಕ್ಷ್ಮಿಯ ತಲೆಯ ಮೇಲೆ. ಅವಳು ಮಾಲೂರಿನವಳೇ, ಮದುವೆಯಾಗಿ ಕೈಕೂಸಿನ ತಾಯಿ, ಮಳೆಗೆ ಸ್ವಲ್ಪ ಮುಂಚೆ ಸೇರಿದ್ದಳು. ಬೆಳಗಿನ ಪಾಳಿಯಲ್ಲಿ ಅಕ್ಕ, ಮಧ್ಯಾಹ್ನದ ಪಾಳಿಯಲ್ಲಿ ಅವಳು, ಇಬ್ಬರಿಗೂ ಅದೇ ಒಂದು ಚೇಂಬರ್. ಅವಳ ಕೈ ಇನ್ನೂ ಪಳಗಿಲ್ಲ, ಒಂದಕ್ಕೆ ಎರಡು ಕಾಳು ಬೀಳಿಸಿ ಕೊಳವೆ ಕೆಡಿಸಿದ್ದಾಳೆ ಎಂದು ಮೇಲಿನವರು ತೀರ್ಮಾನಿಸಿ, ಸದ್ಯಕ್ಕೆ ಬರಬೇಡ ಎಂದು ಮನೆಗೆ ಕಳಿಸಿದರು. ಆ ಹುಡುಗಿ ಗೇಟಿನ ಹೊರಗೆ ಕೂಸನ್ನು ಎತ್ತಿಕೊಂಡು ನಿಂತಿದ್ದನ್ನು ಅಕ್ಕ ನೋಡಿ ಬಂದಳು. ಅವಳ ಕೈ ತನ್ನ ಕೈಗಿಂತ ನೆಟ್ಟಗಿದೆ, ಕಾಳು ಹೆಚ್ಚುಕಡಿಮೆ ಮಾಡುವವಳಲ್ಲ, ನಿನ್ನ ಯಂತ್ರದಲ್ಲಿ ಸರಿಯಾಗಿ ನೋಡಿ ಹೇಳು ಎಂದು ನನ್ನನ್ನು ಕೇಳಿಕೊಂಡಳು.

ನೋಡುವುದಕ್ಕೆ ಶ್ರೀಕಂಠಯ್ಯನವರು ಒಪ್ಪಿದರು. ಕಾಳು ಒಂದಿರಲಿ ಎರಡಿರಲಿ ಬೆಳಕು ಬದಲಾಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಹೆಚ್ಚಿಗೆ ಬಿದ್ದದ್ದು ಆವಿಯಾಗದೆ ಕೊಳವೆಯ ತುದಿಯಲ್ಲಿ ಸುಮ್ಮನೆ ಉಳಿಯುತ್ತದೆ. ಮೇಲಿನವರಿಗೆ ಇದನ್ನು ಹೇಳಿದರೆ ಅವರು ಕೇಳಲಿಲ್ಲವಂತೆ. ನಾನು ಹೊಸ ದೀಪಗಳನ್ನೂ ಕೆಟ್ಟ ದೀಪಗಳನ್ನೂ ಅಕ್ಕಪಕ್ಕ ಇಟ್ಟು ಉರಿಸಿ ಅಳೆದೆ. ಕಾಳಿನ ಬೆರಕೆಯೇ ತಪ್ಪಾಗಿದ್ದರೆ ಮೊದಲ ದಿನವೇ ದಿಬ್ಬಗಳು ತಪ್ಪು ಜಾಗದಲ್ಲಿರಬೇಕಿತ್ತು. ಹಾಗಿರಲಿಲ್ಲ. ಹೊಸದರಲ್ಲಿ ಎರಡೂ ಇರಬೇಕಾದಲ್ಲಿಯೇ ಇದ್ದವು. ಉರಿದಂತೆ ಉರಿದಂತೆ ಎಡಗಡೆಯ ದಿಬ್ಬ ಹಳ್ಳದ ಹತ್ತಿರಕ್ಕೆ ಬರುತ್ತಿತ್ತು, ಬಲಗಡೆಯದು ಇನ್ನೂ ಕೆಂಪಿನ ಕಡೆಗೆ ಜರುಗುತ್ತಿತ್ತು. ಕೊಳವೆಯೊಳಗೆ ಸೋಡಿಯಂ ಕಳೆದುಹೋಗುತ್ತಿದೆ, ಪಾದರಸ ಹಾಗೆಯೇ ಉಳಿದಿದೆ ಎಂದು ಅದರ ಅರ್ಥ. ಮುಚ್ಚಿದ ಕೊಳವೆಯಿಂದ ಸೋಡಿಯಂ ಎಲ್ಲಿಗೆ ಹೋಗುತ್ತದೆ? ಬೆಸುಗೆ ಬಿರುಕು ಬಿಟ್ಟಿದೆಯೇ ಎಂದು ನೋಡಿದೆವು, ಬಿಟ್ಟಿರಲಿಲ್ಲ. ಉಳಿದದ್ದು ಒಂದೇ. ಕಾಳು ಹಾಕುವಾಗಲೇ ತೇವದ ಗಾಳಿ ಜೊತೆಗೆ ಸೇರಿಕೊಂಡು, ಒಳಗಿದ್ದು ನಿಧಾನವಾಗಿ ಸೋಡಿಯಂ ತಿನ್ನುತ್ತಿದೆ. ಎಂದರೆ ಚೇಂಬರಿಗೆ ಎಲ್ಲಿಂದಲೋ ಗಾಳಿ ನುಗ್ಗಿದೆ. ಚೇಂಬರಿನ ಜವಾಬ್ದಾರಿ ಹೊತ್ತವಳು ನನ್ನ ಅಕ್ಕ.

ಅವತ್ತು ಕೋಣೆಗೆ ಬಂದಾಗ ಅಕ್ಕ ಮುದ್ದೆಗೆ ಎಸರಿಟ್ಟಿದ್ದಳು. ಹೇಳುವುದೋ ಬೇಡವೋ ಎಂದು ಬಟ್ಟೆ ಮಡಿಸುತ್ತಾ ಕುಳಿತೆ. ಅವಳೇ ಕೇಳಿದಳು. ಹೇಳಿದೆ. ಅವಳು ಕೋಲು ಹಾಕಿ ತಿರುವುತ್ತಲೇ ಇದ್ದಳು, ಪಾತ್ರೆ ಇಳಿಸಿದ ಮೇಲೆ ಮಾತಾಡಿದಳು.

"ಗ್ಲೌಸ್ ಹರಿದಿತ್ತು ಕಣೇ. ಬಲಗೈದು, ಹೆಬ್ಬೆರಳ ಬುಡದಲ್ಲಿ. ಪಂಕ್ಚರ್ ಅಂಗಡಿಯಿಂದ ರಬ್ಬರ್ ತುಂಡು ಇಸ್ಕೊಂಡು ಬಂದು ನಾನೇ ಅಂಟಿಸ್ದೆ."

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ಹೊಸ ಗ್ಲೌಸು ಬೇಕೆಂದು ಸ್ಟೋರಿನಲ್ಲಿ ಮೊದಲೇ ಕೇಳಿದ್ದಳಂತೆ, ನೋಡೋಣ ಅಂದಿದ್ದರಂತೆ. ಹರಿದಿದೆ ಎಂದು ಗೊತ್ತಾದರೆ ಚೇಂಬರ್ ನಿಲ್ಲಿಸುತ್ತಾರೆ. ಮುಚ್ಚುವ ಕಾಲಕ್ಕೆ ಬಂದ ಕಾರ್ಖಾನೆಯಲ್ಲಿ ಒಂದು ಸಲ ನಿಂತದ್ದು ಮತ್ತೆ ಶುರುವಾಗುವುದಿಲ್ಲ. ಚೇಂಬರ್ ನಿಂತರೆ ಅದರ ಹಿಂದಿನ ಪಂಪಿನವರು, ಬೆಸುಗೆಯವರು ಎಲ್ಲರೂ ಮನೆಗೆ. ಹೀಗೆ ಯೋಚಿಸಿ ಅಂಟಿಸಿದ್ದಳು. ಅಂಟು ಬಿಸಿಲಿದ್ದಾಗ ಹಿಡಿದಿತ್ತು. ಜಡಿಮಳೆಯಲ್ಲಿ ಅದರ ಅಂಚು ಎದ್ದಿತ್ತು, ಅದು ಅಕ್ಕನ ಗಮನಕ್ಕೂ ಬಂದಿರಲಿಲ್ಲ. ಮುನಿಲಕ್ಷ್ಮಿ ಹೊಸಬಳು, ತೇಪೆಯ ವಿಷಯವೇ ಅವಳಿಗೆ ಗೊತ್ತಿರಲಿಲ್ಲ.

ವರದಿಯಲ್ಲಿ ಕಾರಣ ತಿಳಿಯಲಿಲ್ಲ ಎಂದು ಬರೆದುಬಿಡುತ್ತೇನೆ, ಹೇಗಿದ್ದರೂ ಇನ್ನು ಕೆಲವೇ ತಿಂಗಳು, ಆ ಹುಡುಗಿಯ ಪರವಾಗಿ ಸರ್ ಹತ್ತಿರ ಬೇರೆ ಮಾತಾಡೋಣ ಎಂದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ.

"ನೀನು ಕಂಡಿದ್ದನ್ನ ಬರಿ, ಗಿರಿಜಾ. ನಾನು ನಿನ್ನ ಓದಿಸಿದ್ದು ಕಂಡಿದ್ದನ್ನ ಕಾಣ್ಲಿಲ್ಲ ಅನ್ನೋಕಲ್ಲ."

ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಸಾರು ಬಿಟ್ಟು ನನ್ನ ಮುಂದೆ ಇಟ್ಟಳು. ತಿನ್ನುವವರೆಗೂ ಎದುರಿಗೇ ಕುಳಿತಿದ್ದಳು.

ನಾನು ಬರೆದೆ. ಗ್ಲೌಸಿನ ವಿಷಯವನ್ನು ಅಕ್ಕ ತಾನೇ ಹೋಗಿ ಶ್ರೀಕಂಠಯ್ಯನವರಿಗೆ ಹೇಳಿದಳು. ಅವರು ಅವಳ ಪರವಾಗಿ ತುಂಬ ಮಾತಾಡಿದರೆಂದು ಆಮೇಲೆ ತಿಳಿಯಿತು. ಚೇಂಬರ್ ನಿಂತಿತು. ಅಕ್ಕ ಹೆದರಿದ್ದಂತೆ ಪೂರ್ತಿ ನಿಲ್ಲಲಿಲ್ಲ. ಧನುರ್ಮಾಸದ ಚಳಿಯಲ್ಲಿ ಹೊಸ ಗ್ಲೌಸು ಬಂತು, ಮುನಿಲಕ್ಷ್ಮಿಯನ್ನು ಕರೆಸಿ ಕೂರಿಸಿದರು. ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ದೀಪಗಳನ್ನು ರಟ್ಟಿನ ಕವಚಕ್ಕೆ ತೂರಿಸಿ ಪೆಟ್ಟಿಗೆಗೆ ಇಳಿಸುವ ಕೆಲಸ. ಮುನಿಲಕ್ಷ್ಮಿ ಅವಳ ಕೈ ಹಿಡಿದು ಅತ್ತಳಂತೆ. ಅಕ್ಕ ಮನೆಗೆ ಬಂದು ಅದನ್ನಷ್ಟೇ ಹೇಳಿದಳು.

ನಾನು ಊಟದ ಬಿಡುವಿನಲ್ಲಿ ಪ್ಯಾಕಿಂಗ್ ಕಡೆ ಹೋಗಿ ಇಣುಕುತ್ತಿದ್ದೆ. ಅವಳು ಉಳಿದವರೊಂದಿಗೆ ಮಾತಾಡಿಕೊಂಡು ಚುರುಕಾಗಿಯೇ ಇರುತ್ತಿದ್ದಳು. ಆದರೆ ಸಂಜೆ ದಿಬ್ಬ ಎಲ್ಲಿತ್ತು ಎಂದು ಕೇಳುವುದು ನಿಂತಿತು. ನಾನಾಗಿಯೇ ಒಂದೆರಡು ಸಲ ಹೇಳಿದೆ. ಹೂಂ ಎಂದಳು. ಆಮೇಲೆ ನಾನೂ ಹೇಳಲಿಲ್ಲ. ಕೋಣೆಯಲ್ಲಿ ಎಲ್ಲ ಮೊದಲಿನಂತೆಯೇ ಇತ್ತು. ಅವಳು ನನ್ನ ತಲೆ ಬಾಚುತ್ತಿದ್ದಳು, ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ, ಹತ್ತಿರದ ಹಳಿಯ ಮೇಲೆ ರೈಲು ಹೋದಾಗ ಇಬ್ಬರೂ ಮಾತು ನಿಲ್ಲಿಸಿ ಅದು ದಾಟುವವರೆಗೂ ಕಾಯುತ್ತಿದ್ದೆವು. ಆ ಮೌನದಲ್ಲಿ ಮಾತ್ರ ಏನೋ ಹೆಚ್ಚಿಗೆ ಸೇರಿಕೊಂಡಿತ್ತು.

ಮಾಘದಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಅಧಿಕೃತವಾಯಿತು. ಯುಗಾದಿಯವರೆಗೆ ಇರುವ ಸಾಮಾನಿನಲ್ಲಿ ಕೆಲಸ ಮುಗಿಸಿ ಎಲ್ಲರಿಗೂ ಲೆಕ್ಕ ಚುಕ್ತಾ ಮಾಡುತ್ತಾರೆಂದು ನೋಟೀಸು ಹಾಕಿದರು. ಅದೇ ವಾರ ಅಪ್ಪ ಮಾಲೂರಿಗೆ ಬಂದರು. ಮುಳಬಾಗಿಲು ದಾಟಿ, ಆಂಧ್ರದ ಗಡಿಯಾಚೆ ಮೊದಲ ಊರುಗಳಲ್ಲೊಂದರಿಂದ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಜನ, ಜಮೀನಿದೆ, ಹುಡುಗ ಮಾತು ಕಡಿಮೆ. ಅಪ್ಪ ಹೇಳುತ್ತಿದ್ದಾಗ ನಾನು ಅಕ್ಕ ಈಗ ಯಾವ ನೆಪ ಹೇಳುತ್ತಾಳೆಂದು ಕಾಯುತ್ತಿದ್ದೆ. ಅವಳು ಲೋಟಗಳನ್ನು ಎತ್ತಿಕೊಳ್ಳುತ್ತಾ, ಆಗಲಿ ಎಂದಳು. ಅಪ್ಪನಿಗೇ ನಂಬಿಕೆ ಬರದೆ ಇನ್ನೊಂದು ಸಲ ಕೇಳಿದರು.

ಅವಳು ಒಪ್ಪಿದ್ದು ಕಾರ್ಖಾನೆ ಮುಚ್ಚುತ್ತಿದೆಯೆಂದೋ, ಚೇಂಬರ್ ಕೈಬಿಟ್ಟಿತೆಂದೋ, ನಾನು ಬರೆದದ್ದಕ್ಕೋ ಎಂದು ಆಗ ಕೇಳಲು ನನಗೆ ಧೈರ್ಯವಿರಲಿಲ್ಲ. ಮಾವು ಇಳಿಸುವ ಕಾಲಕ್ಕೆ ಮದುವೆಯಾಯಿತು. ಅದಕ್ಕೂ ಮುಂಚೆ, ಕೋಣೆ ಖಾಲಿ ಮಾಡಿದ ದಿನ, ಅವಳ ಟ್ರಂಕನ್ನು ಅಪ್ಪ ಬಸ್ಸಿನ ಮೇಲೆ ಹಾಕಿಸಿದರು. ನನಗೆ ಕೋಲಾರದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಒಂದೇ ಬಸ್ಸಿನಲ್ಲಿ ಕೋಲಾರದವರೆಗೆ ಬಂದೆವು. ಅಕ್ಕ ನನ್ನ ಹೆಗಲ ಮೇಲೆ ತಲೆಯಿಟ್ಟು ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ನಾನು ಇಳಿದೆ, ಅವರು ಶ್ರೀನಿವಾಸಪುರದ ಬಸ್ಸಿಗೆ ಹೋದರು. ಅಷ್ಟೇ.

ಆಮೇಲೆ ನಾನು ಎಂ.ಎಸ್ಸಿ. ಮಾಡಿಕೊಂಡೆ, ಲೆಕ್ಚರರ್ ಆದೆ. ಅಕ್ಕನ ಊರು ಕೋಲಾರದಿಂದ ಎರಡು ಬಸ್ಸು ಬದಲಿಸಿದರೆ ಸಿಗುವಷ್ಟು ಹತ್ತಿರ. ಹಬ್ಬಕ್ಕೆ, ನಾಮಕರಣಕ್ಕೆ, ಅಪ್ಪನ ತಿಥಿಗೆ ಸಿಗುತ್ತೇವೆ. ಸುತ್ತ ಜನ ಇರುತ್ತಾರೆ, ಮಕ್ಕಳು ಇರುತ್ತವೆ, ಒಲೆಯ ಮೇಲೆ ಏನಾದರೂ ಇರುತ್ತದೆ. ಅವಳ ಗಂಡ ನಿಜಕ್ಕೂ ಒಳ್ಳೆಯ ಮನುಷ್ಯ. ರೇಷ್ಮೆಹುಳ ಸಾಕುತ್ತಾರೆ, ಅಕ್ಕನ ಕೈಗೆ ಹುಳ ಚೆನ್ನಾಗಿ ಬರುತ್ತದೆಂದು ಊರಲ್ಲೆಲ್ಲ ಹೆಸರು. ಆದರೆ ಮಾಲೂರಿನ ಆ ಕೋಣೆ ಬಿಟ್ಟ ಮೇಲೆ ನಾವಿಬ್ಬರೇ ಒಂದು ಸೂರಿನ ಕೆಳಗೆ ಒಂದು ಇಡೀ ದಿನ ಕಳೆದಿಲ್ಲ.

ಆರತಕ್ಷತೆಯ ಮಾರನೆಯ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿದೆ. ಮದುವೆಗೆ ಯಾರ್ಯಾರು ಬಂದಿದ್ದರು, ಊಟ ಹೇಗಿತ್ತು, ಹುಡುಗಿ ಬಣ್ಣವೇನು ಎಂದೆಲ್ಲ ಕೇಳಿದಳು. ಎಲ್ಲ ಹೇಳಿ, ಮಾತು ನಿಂತಾಗ, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. ಆವತ್ತು ಯಾಕೆ ಒಪ್ಪಿಕೊಂಡೆ, ನಾನು ಬರೆದದ್ದಕ್ಕಾ?

ಆ ಕಡೆ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಕೇಳಿಸಿತು. ಅವಳು ಹುಳದ ಮನೆಯಲ್ಲಿದ್ದಳು.

"ಅಯ್ಯೋ ಪಿಚ್ಚಿ," ಎಂದಳು. ಹುಚ್ಚಿ ಎಂದು ನಮ್ಮ ತೆಲುಗಿನಲ್ಲಿ. "ನೀನು ಬರೀದೇ ಇದ್ದಿದ್ರೆ ನಿನ್ನ ಪಕ್ಕ ಮಲಗೋಕೆ ನಂಗೆ ಆಗ್ತಿರ್ಲಿಲ್ಲ. ಒಪ್ಕೊಂಡಿದ್ದು ಕೋಣೆ ಬಿಡಬೇಕಾಗಿತ್ತಲ್ಲ, ಅದಕ್ಕೆ. ನೀನು ಓದಕ್ಕೆ ಹೋಗ್ತೀಯ, ನಾನೊಬ್ಳೇ ಎಲ್ಲಿರ್ಲಿ? ಇನ್ನೊಂದು ವರ್ಷ ಸಿಕ್ಕಿದ್ರೆ ಇರ್ತಿದ್ದೆ ಕಣೇ. ನಂಗಿನ್ನೂ ಸಾಕಾಗಿರ್ಲಿಲ್ಲ."

 ಹಾಗಾದರೆ ಈಗ ಬಾ, ಒಂದು ನಾಲ್ಕು ದಿನ ಬಂದು ನನ್ನ ಹತ್ತಿರ ಇರು, ಮಕ್ಕಳನ್ನು ಭಾವನ ಹತ್ತಿರ ಬಿಟ್ಟು ಬಾ ಎಂದೆ. ಬರ್ತೀನಿ ಎಂದಳು. ಹುಳ ಹಣ್ಣಾಗಿ ಗೂಡು ಕಟ್ಟುವುದರಲ್ಲಿದೆ, ಅದನ್ನು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಖಂಡಿತ ಬರ್ತೀನಿ ಎಂದಳು.

ಅವರ ಮನೆಯಲ್ಲಿ ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿಹುಳ ಬಂದಿರುತ್ತದೆ. ಅದು ನನಗೆ ಗೊತ್ತು, ಅವಳಿಗೂ ಗೊತ್ತು. ಆದರೂ ಆ ಭಾನುವಾರ ನಾನು ಮುಂದಿನ ಕೋಣೆ ಗುಡಿಸಿ ಸಾರಿಸಿ, ಎರಡು ಹಾಸಿಗೆಗಳನ್ನು ತಾರಸಿಗೆ ಹೊತ್ತುಕೊಂಡು ಹೋಗಿ ಬಿಸಿಲಿಗೆ ಹಾಕಿದೆ.